ಪಾಸಿಂಗ್ ಕ್ಲಾಸ್ ಅಳಿಯನ ಅಮೆರಿಕನ್ ಇಂಗ್ಲಿಷು

ಡಚ್ಚರ ದೇಶದಲ್ಲಿ, ಬೆಸ್ಟ್ ಎಂಬ ಹೆಸರಿನ ಊರಿನಲ್ಲಿ ಮನೆ ಮಾಡಿಕೊಂಡು, ಪಾಸಿಂಗ್ ಕ್ಲಾಸ್ ಎನ್ನಿಸಿಕೊಂಡೇ ಬದುಕುವ ಸಂಕಟ ಸೋಮಶೇಖರನಿಗೇ ಗೊತ್ತು.

ಈ ಬಿರುದು ಅವನಿಗೆ ದಕ್ಕಿದ್ದು ದಾವಣಗೆರೆಯಲ್ಲಿ, ಹೆಣ್ಣು ನೋಡಲು ಹೋದ ದಿನ. ಹೆಣ್ಣಿನ ತಂದೆ ಹಾಲಪ್ಪನವರು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತ ಹೆಡ್‌ಮಾಸ್ಟರಾದವರು. ಲೋಕದ ಮಾವಂದಿರೆಲ್ಲ ಹುಡುಗನ ಸಂಬಳ ಕೇಳಿದರೆ ಈ ಮಹಾನುಭಾವರು, "ನಿಮ್ಮ ಬಗ್ಗೆ ಇಂಗ್ಲಿಷ್‌ನಾಗ ನಾಕು ಮಾತು ಹೇಳ್ರಿ ನೋಡಾಣ" ಎಂದರು. ಬಾಯಿತುಂಬ ಉಪ್ಪಿಟ್ಟು ಇಟ್ಟುಕೊಂಡಿದ್ದ ಸೋಮಶೇಖರ ಗಡಿಬಿಡಿಯಲ್ಲಿ ನುಂಗಿ, "ಮೈಸೆಲ್ಫ್ ಸೋಮಶೇಖರ" ಎಂದುಬಿಟ್ಟ. ಹಾಲಪ್ಪ ಮೇಷ್ಟ್ರು ಹಲ್ಲು ಕೀಳಿಸಿಕೊಂಡವರ ಹಾಗೆ ಕಣ್ಣು ಮುಚ್ಚಿದರು. ಆಮೇಲೆ ಒಳಕ್ಕೆ ಹೋಗಿ ಹೆಂಡತಿ ಕಾಶಮ್ಮನಿಗೆ, "ಹುಡುಗ ಒಳ್ಳೇನು ಕಣೇ ಕಾಶಿ. ಇಂಗ್ಲಿಷ್ ಮಾತ್ರ ಪಾಸಿಂಗ್ ಕ್ಲಾಸು" ಎಂದು ಪಿಸುಗುಟ್ಟಿದರು. ಮೇಷ್ಟ್ರ ಪಿಸುಮಾತು ಎಂದರೆ ಕೊನೆಯ ಬೆಂಚಿಗೆ ಕೇಳಿಸಬೇಕಲ್ಲ? ಗೋಡೆಯ ಈಚೆ ಕೂತಿದ್ದ ಗಂಡಿಗೂ ಕೇಳಿಸಿತು.

ಮದುವೆಯಾಯಿತು. ಸರಳಾ ಒಳ್ಳೆಯ ಹೆಂಡತಿಯಾದಳು, ಅನನ್ಯಾ ಹುಟ್ಟಿದಳು. ಬೆಸ್ಟಿಗೆ ಹತ್ತಿರದ ವೆಲ್ಡ್‌ಹೋವನ್ನಿನ ಒಂದು ಕಂಪನಿಯಲ್ಲಿ ಸೋಮಶೇಖರ ಟೆಸ್ಟ್ ಎಂಜಿನಿಯರ್ ಆದ. ಕೋಣೆಯಷ್ಟು ದೊಡ್ಡ ಯಂತ್ರಗಳು ಅವನ ಸಹಿ ಇಲ್ಲದೆ ಹೊರಗೆ ಹೋಗುತ್ತಿರಲಿಲ್ಲ. ಆದರೇನು? ಊರಿಂದ ಫೋನ್ ಬಂದಾಗಲೆಲ್ಲ ಮಾವನವರು, "ಹೆಂಗೈತ್ರೀ ನಿಮ್ ಇಂಗ್ಲಿಷು?" ಎಂದು ಜ್ವರದ ರೋಗಿಯನ್ನು ವಿಚಾರಿಸುವಂತೆ ವಿಚಾರಿಸುತ್ತಿದ್ದರು.

ಹೀಗಿರುವಾಗ ಒಂದು ದಿನ ಸರಳಾ, "ರೀ, ಅಪ್ಪ ಬರ್ತಾರಂತೆ, ಬೇಸಿಗೆಗೆ" ಎಂದಳು. ಸೋಮಶೇಖರ ಯೋಚಿಸಿದ. ಮಾವನ ಇಂಗ್ಲಿಷಿನಲ್ಲಿ ಮಾವನನ್ನು ಗೆಲ್ಲುವುದು ಈ ಜನ್ಮದಲ್ಲಿ ಸಾಧ್ಯವಿಲ್ಲ. ಆದರೆ ಮಾವನಿಗೆ ಗೊತ್ತೇ ಇಲ್ಲದ ಇಂಗ್ಲಿಷೊಂದನ್ನು ಕಲಿತುಬಿಟ್ಟರೆ? ಆಗ ಮಾರ್ಕು ಹಾಕುವವರು ಯಾರು?

ಅಂಥ ಇಂಗ್ಲಿಷು ಫೋನಿನಲ್ಲೇ ಸಿಕ್ಕಿತು. ಟೋಪಿಯನ್ನು ಹಿಂದುಮುಂದಾಗಿ ಹಾಕಿಕೊಂಡ ಹುಡುಗನೊಬ್ಬ ಅಮೆರಿಕದ ಬೀದಿಯ ಮಾತನ್ನು ಪುಕ್ಕಟೆಯಾಗಿ ಕಲಿಸುತ್ತಿದ್ದ. ಅದರ ಮರ್ಮ ಸರಳ. ಇಂಗ್ಲಿಷನ್ನು ಬಟ್ಟೆಯ ಹಾಗೆ ಹಿಂಡಬೇಕು. ಗೋಯಿಂಗ್ ಟು ಎಂಬುದನ್ನು ಹಿಂಡಿದರೆ ಗಾನಾ. ವಾಂಟ್ ಟು ಹಿಂಡಿದರೆ ವಾನಾ. ಲೆಟ್ ಮಿ ಎಂಬುದು ಲೆಮ್ಮಿ, ಗಿವ್ ಮಿ ಎಂಬುದು ಗಿಮ್ಮಿ, ಡೋಂಟ್ ನೋ ಎಂಬುದು ಡನ್ನೋ. ವಾಟ್ ಈಸ್ ಅಪ್ ಎಂಬುದು ವಾಸಪ್, ಇನ್ನೂ ಬಿಗಿಯಾಗಿ ಹಿಂಡಿದರೆ ಬರೀ ಸಪ್. ಮೊದಲೇ ಅರ್ಧ ಮಾತು ನುಂಗುವ ಅಭ್ಯಾಸವಿದ್ದ ಸೋಮಶೇಖರನಿಗೆ ಈ ವಿದ್ಯೆ ತನಗೆಂದೇ ಹುಟ್ಟಿದ್ದು ಅನ್ನಿಸಿತು. ಸೈಕಲ್ಲಿನಲ್ಲಿ ಎದುರುಗಾಳಿಗೆ ತುಳಿಯುತ್ತ, "ಗಾನಾ, ವಾನಾ, ಲೆಮ್ಮಿ, ಗಿಮ್ಮಿ" ಎಂದು ಜಪಿಸುತ್ತ ಆಫೀಸಿಗೆ ಹೋಗುವ ಅವನನ್ನು ಕಂಡು ಪಕ್ಕದ ಮನೆಯ ಡಚ್ ಅಜ್ಜಿ, ಎಂಥ ದೈವಭಕ್ತ ಎಂದುಕೊಂಡಳು.

ವಿದ್ಯೆ ಒಳಗೆ ಕೂತ ಮೇಲೆ ಸುಮ್ಮನಿರುತ್ತದೆಯೇ? ಒಂದು ಬೆಳಗ್ಗೆ ಕಾಫಿ ಯಂತ್ರದ ಮುಂದೆ ನಿಂತಿದ್ದ ಬಾಸ್ ವಿಲ್ಲೆಮ್ ಬೆನ್ನಿಗೆ ಪಟ್ಟನೆ ಬಡಿದು ಸೋಮಶೇಖರ, "ವಾಸಪ್, ಮೈ ಮ್ಯಾನ್! ಲೆಮ್ಮಿ ಗೆಟ್ ಎ ಕಾಫಿ!" ಎಂದ. ವಿಲ್ಲೆಮ್ ಎಂದರೆ ಆರಡಿ ಮೇಲಿನ ಗಂಭೀರ ಮನುಷ್ಯ. ಕೈಯಲ್ಲಿದ್ದ ಕಾಫಿ ಅಂಗಿಯ ಮೇಲೆ ಚೆಲ್ಲಿಕೊಂಡು, ಕೋಪ ಮಾಡಿಕೊಳ್ಳುವ ಬದಲು ಕುತೂಹಲದಿಂದ ಕೇಳಿದ: "ನೀವು ಅಮೆರಿಕದಲ್ಲಿ ಇದ್ದಿರಾ? ಇದು ಚಿಕಾಗೋ ಕಡೆಯ ಮಾತಲ್ಲವೇ?"

ಇಲ್ಲಿ ನಡೆದದ್ದನ್ನು ಓದುಗರು ಸರಿಯಾಗಿ ಗಮನಿಸಬೇಕು. ಸೋಮಶೇಖರ ಸುಳ್ಳು ಹೇಳಲಿಲ್ಲ. ಅವನು ತಲೆ ಆಡಿಸಿದ. ನಮ್ಮ ಕಡೆ ತಲೆಯನ್ನು ಆಚೆಗೊಮ್ಮೆ ಈಚೆಗೊಮ್ಮೆ ಓಲಾಡಿಸುವುದಕ್ಕೆ 'ಇರಬಹುದು', 'ದೊಡ್ಡವರು ನೀವು ಹೇಳಿದ ಮೇಲೆ', 'ಕಾಫಿ ಆರುತ್ತಿದೆ' ಎಂದೆಲ್ಲ ಅರ್ಥವಿದೆ. ದೊಡ್ಡವರ ಮುಖಕ್ಕೆ 'ಇಲ್ಲ' ಎನ್ನಬಾರದೆಂದು ನಮ್ಮ ಹಿರಿಯರು ಕಂಡುಕೊಂಡ ಉಪಾಯ ಅದು. ಆದರೆ ಡಚ್ಚರಲ್ಲಿ ಹೌದು ಎಂದರೆ ಹೌದು, ಇಲ್ಲ ಎಂದರೆ ಇಲ್ಲ, ನಡುವೆ ಖಾಲಿ. ತಲೆ ಅಲ್ಲಾಡಿತು, ಜೊತೆಗೆ ಹಲ್ಲೂ ಕಂಡಿತು ಎಂದ ಮೇಲೆ ಅದು ಹೌದು ಎಂದೇ ವಿಲ್ಲೆಮ್ ತೀರ್ಮಾನಿಸಿದ.

ಮಧ್ಯಾಹ್ನದ ಹೊತ್ತಿಗೆ ಸೋಮಶೇಖರ ಚಿಕಾಗೋದಲ್ಲಿ ಕೆಲಸ ಮಾಡಿದ್ದ. ಸಂಜೆ ಹೊತ್ತಿಗೆ ಅಲ್ಲೇ ಬೆಳೆದಿದ್ದ. ಅದೇ ಕಂಪನಿಯಲ್ಲಿದ್ದ ಮೈಸೂರಿನ ಜಯದೇವ ಓಡಿಬಂದು, "ಏನ್ ಸಾರ್, ಇಷ್ಟು ವರ್ಷ ಪಕ್ಕದಲ್ಲೇ ಇದ್ದೀನಿ, ಒಂದು ಮಾತು ಹೇಳ್ಬಾರ್ದಾ? ಎಷ್ಟು ಸಿಂಪಲ್ ಸಾರ್ ನೀವು!" ಎಂದು ಕೈ ಹಿಡಿದುಕೊಂಡ. ಸೋಮಶೇಖರ ಅವನಿಗೂ ತಲೆ ಆಡಿಸಿದ. ಜಯದೇವ ಕನ್ನಡಿಗನೇ, ಅವನಿಗಾದರೂ ಅರ್ಥವಾಗಬೇಕಿತ್ತು. ಆದರೆ ಗೌರವ ಹುಟ್ಟಿದ ಮನುಷ್ಯನಿಗೆ ಕಣ್ಣು ಮಂಜು.

ಮುಂದಿನ ಭಾನುವಾರದಿಂದ ಸೋಮಶೇಖರನ ಮನೆಯ ಹಾಲ್‌ನಲ್ಲಿ ಅಮೆರಿಕನ್ ಕ್ಲಾಸು ಶುರುವಾಯಿತು. ಕನ್ನಡ ಕೂಟದ ಎಂಜಿನಿಯರುಗಳು, ಅವರ ಹೆಂಡತಿಯರು ಎಲ್ಲ ಚಕ್ಕಳಮಕ್ಕಳ ಹಾಕಿ ಕೂತು ಮಗ್ಗಿ ಹೇಳಿದ ಹಾಗೆ ಹೇಳುತ್ತಿದ್ದರು. ಸೋಮಶೇಖರ "ಗೋಯಿಂಗ್ ಟು?" ಎಂದರೆ ಅವರು "ಗಾನಾ!" "ವಾಂಟ್ ಟು?" "ವಾನಾ!" ಪಾಠದ ಮಧ್ಯೆ ಗುರುಗಳು ಸ್ವಂತ ಸಂಶೋಧನೆಯನ್ನೂ ಸೇರಿಸಿದರು. "ಯೂ ಆಲ್ ಅನ್ನೋದನ್ನ ಹಿಂಡಿದ್ರೆ ಯಾಲ್. ನಮ್ಮ 'ನೀವು' ಇದ್ದಂಗೆ. ದೊಡ್ಡೋರಿಗೆ ಯೂ ಅನ್ಬಾರ್ದು, ಯಾಲ್ ಅನ್ಬೇಕು." ಇಂಗ್ಲಿಷಿನಲ್ಲೂ ಬಹುವಚನದ ಗೌರವ ಇದೆಯೆಂದು ತಿಳಿದು ಶಿಷ್ಯರಿಗೆ ರೋಮಾಂಚನವಾಯಿತು.

ಅಡುಗೆಮನೆಯಿಂದ ಸರಳಾ, "ರೀ, ಇದನ್ನ ಯಾರ ಹತ್ರ ಆಡ್ಬೇಕು, ಯಾರ ಹತ್ರ ಆಡ್ಬಾರ್ದು, ಅದನ್ನೂ ಹೇಳಿಕೊಡ್ರಿ" ಎಂದಳು.

"ಅಮೆರಿಕದಲ್ಲಿ ಎಲ್ಲಾರೂ ಸಮ ಕಣೇ!" ಎಂದ ಸೋಮಶೇಖರ. ಹಾಲ್‌ನಲ್ಲಿ ಚಪ್ಪಾಳೆ ಬಿತ್ತು.

ಅನನ್ಯಾ ಮಾತ್ರ ಮಹಡಿಯ ಮೆಟ್ಟಿಲ ಮೇಲೆ ಕೂತು ತಲೆ ಚಚ್ಚಿಕೊಂಡಳು. "ಅಪ್ಪಾ, ಪ್ಲೀಸ್. ಇಟ್ಸ್ ಸೋ ಎಂಬರಸಿಂಗ್. ನಮ್ ಟೀಚರ್‌ಗೆ ಸಪ್ ಅಂದ್ರಲ್ಲ, ಅವ್ರು ನಿಮಗೆ ಹುಷಾರಿಲ್ವಾ ಅಂತ ಕೇಳಿದ್ರು."

ಹಾಲಪ್ಪ ಮೇಷ್ಟ್ರು ಬಂದಿಳಿದರು. ಬಂದ ವಾರದಲ್ಲೇ ಅಳಿಯ ಅವರನ್ನು ಸೈಕಲ್ಲಿನ ಹಿಂದೆ ಕೂರಿಸಲಾಗದೆ ಕಾರಿನಲ್ಲಿ ಕೂರಿಸಿಕೊಂಡು ಗೆಮೇಂಟೆಗೆ, ಅಂದರೆ ಅಲ್ಲಿನ ಪುರಸಭೆಗೆ, ಕರೆದುಕೊಂಡು ಹೋದ. ನೆಪ ಡ್ರೈವಿಂಗ್ ಲೈಸೆನ್ಸ್ ನವೀಕರಣ. ನಿಜವಾದ ಉದ್ದೇಶ, ಸರ್ಕಾರಿ ಕೌಂಟರಿನಲ್ಲಿ ತಾನು ಮಾತಾಡುವ ವೈಖರಿಯನ್ನು ಮಾವನಿಗೆ ತೋರಿಸುವುದು.

ಕೌಂಟರಿನಲ್ಲಿ ಕನ್ನಡಕದ ಹೆಂಗಸೊಬ್ಬಳಿದ್ದಳು. ಸೋಮಶೇಖರ ಮೊಣಕೈ ಊರಿ, "ಯೋ! ಐಮಾ ನೀಡ್ ದಟ್ ಲೈಸೆನ್ಸ್. ಯಾ ಫೀಲ್ ಮಿ?", ಅಂದರೆ ತಿಳಿಯಿತೇ, ಎಂದ.

ಆಕೆ ಶಾಂತವಾಗಿ, "ಇಲ್ಲ. ಫೀಲ್ ಆಗಲಿಲ್ಲ. ನಿಮಗೆ ಅಪಾಯಿಂಟ್‌ಮೆಂಟ್ ಇದೆಯೇ?" ಎಂದಳು.

"ಡನ್ನೋ."

"ಹಾಗಾದರೆ ಮನೆಗೆ ಹೋಗಿ ತಿಳಿದುಕೊಂಡು ಬನ್ನಿ" ಎಂದು ಮುಂದಿನವರನ್ನು ಕರೆದಳು.

ಮಾವ ಕಾರು ಹತ್ತಿದರು. ಆಮೇಲೆ ಬೆಲ್ಟ್ ಹಾಕಿಕೊಳ್ಳುತ್ತ, "ಆ ಹೆಣ್ಮಗಳು ಕ್ರಿಯಾಪದ ಹುಡುಕ್ತಿದ್ಲು ಅಂತ ಕಾಣ್ತತಿ" ಎಂದರು.

"ಮಾವ, ಇದು ಅಮೆರಿಕನ್. ನಿಮಗೆ ಗೊತ್ತಾಗಲ್ಲ" ಎಂದ ಸೋಮಶೇಖರ. ಇಷ್ಟು ವರ್ಷ ಕಾದಿದ್ದ ಮಾತು ಅದು. ಆದರೆ ಹೇಳಿದ ಮೇಲೆ ಅಂದುಕೊಂಡಷ್ಟು ಸುಖವಾಗಲಿಲ್ಲ.

ಮನೆ ಬಾಗಿಲಲ್ಲಿ ಜಯದೇವ ನಿಂತಿದ್ದ. ಹಾಲಪ್ಪನವರ ಕಾಲಿಗೆ ನಮಸ್ಕಾರ ಮಾಡಿ, "ಪುಣ್ಯವಂತರು ಸಾರ್ ನೀವು. ಚಿಕಾಗೋದಲ್ಲಿ ಬೆಳೆದ ಅಳಿಯ ಯಾರಿಗೆ ಸಿಕ್ತಾರೆ?" ಎಂದ. ಮೇಷ್ಟ್ರು ಅಳಿಯನನ್ನು ನೋಡಿದರು. ಸೋಮಶೇಖರ ಮರದ ಮೇಲಿನ ಹಕ್ಕಿಯನ್ನು ನೋಡಿದ.

ಜಯದೇವ ತಂದ ಸುದ್ದಿ ಅದಕ್ಕಿಂತ ದೊಡ್ಡದು. ಅಮೆರಿಕದ ಗಿರಾಕಿ ಕಂಪನಿಯಿಂದ ಪ್ರೆಸ್ಕಾಟ್ ಎಂಬ ಹಿರಿಯರು ಯಂತ್ರ ನೋಡಲು ಬರುತ್ತಿದ್ದಾರೆ. ಅವರಿಗೆ ಯಂತ್ರ ವಿವರಿಸುವ ಹೊಣೆ ವಿಲ್ಲೆಮ್ ಸೋಮಶೇಖರನಿಗೇ ಕೊಟ್ಟಿದ್ದಾನೆ. ಎಲ್ಲ ಸರಿಹೋದರೆ ಮುಂದೆ ಅಮೆರಿಕದ ವ್ಯವಹಾರವೆಲ್ಲ ಅವನ ಕೈಗೇ. ಅಷ್ಟೇ ಅಲ್ಲ, ಪ್ರೆಸ್ಕಾಟ್‌ಗೆ ತವರಿಗೆ ಬಂದಂತೆ ಆಗಲಿ ಎಂದು ಯಂತ್ರ ನೋಡುವ ದಿನದ ಹಿಂದಿನ ಸಂಜೆಯ ಊಟವನ್ನು ಸೋಮಶೇಖರನ ಮನೆಯಲ್ಲೇ ಇಟ್ಟುಬಿಟ್ಟಿದ್ದಾನೆ. "ಅವರು ಎಲ್ಲಿಯವರು ಗೊತ್ತಾ ಸಾರ್? ಚಿಕಾಗೋ! ನಿಮ್ಮೂರೇ!" ಎಂದ ಜಯದೇವ.

ಅವನು ಹೋದ ಮೇಲೆ ಮೇಷ್ಟ್ರು ಕೇಳಿದರು. "ಯಾವಾಗ ಹೋಗಿದ್ರಿ ಚಿಕಾಗೋಕ್ಕೆ? ಮದುವಿ ಮುಂಚೆನೋ, ಮಧ್ಯಾಹ್ನ ಊಟದ ಬಿಡುವಿನಾಗೋ?"

"ಮಾವ, ನಾನು ಹೌದು ಅಂದಿಲ್ಲ. ತಲೆ ಆಡಿಸ್ದೆ."

"ನಾನು ನಿಮಗೆ ಪಾಸಿಂಗ್ ಕ್ಲಾಸ್ ಅಂದಿದ್ದೆ ಒಂದ್ಸಲ. ಕೇಳಿಸಿತ್ತು ನಿಮಗೆ, ನನಗ್ಗೊತ್ತು. ಪಾಸಾದೋನು ಒಳ್ಳೇನು ಅನ್ನೋ ಧೈರ್ಯದ ಮ್ಯಾಲೆ ಮಗಳನ್ನ ಕೊಟ್ಟೆ" ಎಂದರು ಮೇಷ್ಟ್ರು. "ಸುಳ್ಳಾಡೋ ಇಂಗ್ಲಿಷಿಗೆ ನನ್ನತ್ರ ಕ್ಲಾಸೇ ಇಲ್ಲ." ಅಷ್ಟು ಹೇಳಿ ಮಹಡಿ ಹತ್ತಿದರು.  ಪಾಸಿಂಗ್ ಕ್ಲಾಸಿಗಿಂತ ಕೆಳಗೆ ಇನ್ನೊಂದು ಮೆಟ್ಟಿಲಿದೆ ಎಂದು ಸೋಮಶೇಖರ ಎಣಿಸಿರಲಿಲ್ಲ.

ಊಟದ ದಿನ ಸರಳಾ ದಾವಣಗೆರೆಯ ಬೆಣ್ಣೆ ದೋಸೆಗೆ ಹಿಟ್ಟು ರುಬ್ಬಿಟ್ಟಿದ್ದಳು. ಆರು ಗಂಟೆಗೆ ಬನ್ನಿ ಎಂದರೆ ನಮ್ಮವರು ಏಳಕ್ಕೆ ಬರುತ್ತಾರೆ ಎಂಬ ಲೆಕ್ಕದಲ್ಲಿ ಚಟ್ನಿ ಇನ್ನೂ ಮಿಕ್ಸಿಯಲ್ಲಿತ್ತು. ಸರಿಯಾಗಿ ಆರಕ್ಕೆ ವಿಲ್ಲೆಮ್ ಗಂಟೆ ಒತ್ತಿದ. ಜೊತೆಗೆ ಬೆಳ್ಳಿ ಕೂದಲು, ಟೈ, ಮಡಿಕೆ ಕೆಡದ ಕೋಟಿನ ಪ್ರೆಸ್ಕಾಟ್. ಅವರನ್ನು ನೋಡಿದರೆ ಹಾಲಪ್ಪ ಮೇಷ್ಟ್ರನ್ನೇ ಬಿಳಿ ಬಣ್ಣದಲ್ಲಿ ಮಾಡಿಸಿದಂತಿತ್ತು.

ಬಾಗಿಲಲ್ಲಿ ಜಯದೇವನೂ ಭಾನುವಾರದ ಕ್ಲಾಸಿನ ಅವನ ಇಬ್ಬರು ಸಹಪಾಠಿಗಳೂ ಸಾಲಾಗಿ ನಿಂತಿದ್ದರು. ಮೂವರೂ ಕೈಮುಗಿದು ಒಂದೇ ಉಸಿರಿಗೆ, "ವಾಸಪ್, ಯಾಲ್!" ಎಂದರು. ವಿಲ್ಲೆಮ್ ಒಳಗೆ ಹೋದ ಮೇಲೆ ಒಬ್ಬರೇ ಕಾಲಿಡುತ್ತಿದ್ದ ಪ್ರೆಸ್ಕಾಟ್ ತಿರುಗಿ ಹಿಂದೆ ನೋಡಿದರು, ಇನ್ನು ಯಾರು ಬರುತ್ತಿದ್ದಾರೆ ಎಂದು. ಜಯದೇವ ಬಿಡಲಿಲ್ಲ. "ಯಾಲ್ ವಾನಾ ಸಿಟ್? ಗಿಮ್ಮಿ ಯೋರ್ ಕೋಟ್!" ಎಂದು ಕೋಟಿಗೆ ಕೈ ಹಾಕಿದ. ಬೀದಿಯಲ್ಲಿ ದರೋಡೆಗೆ ಸಿಕ್ಕವರ ಹಾಗೆ ಪ್ರೆಸ್ಕಾಟ್ ಕೋಟು ಕಳಚಿಕೊಟ್ಟರು. ವಿಲ್ಲೆಮ್ ಮುಖ ಕೆಂಪಾಯಿತು. ಹಾಲಪ್ಪ ಮೇಷ್ಟ್ರು ಮೂಲೆಯ ಕುರ್ಚಿಯಲ್ಲಿ ಕಣ್ಣು ಮುಚ್ಚಿದರು, ಹೆಣ್ಣು ನೋಡುವ ದಿನ ಮುಚ್ಚಿದ ಹಾಗೆಯೇ.

ದೋಸೆ ಬಂದ ಮೇಲೆ ಪರಿಸ್ಥಿತಿ ಸ್ವಲ್ಪ ತಿಳಿಯಾಯಿತು. ಬೆಣ್ಣೆ ಎಲ್ಲ ದೇಶದವರನ್ನೂ ಕರಗಿಸುತ್ತದೆ. ಪ್ರೆಸ್ಕಾಟ್ ಎರಡನೆಯ ದೋಸೆಗೆ ಕೈ ಹಾಕುತ್ತ, ಅಚ್ಚುಕಟ್ಟಾದ ಇಂಗ್ಲಿಷಿನಲ್ಲಿ ಕೇಳಿದರು: "ಮಿಸ್ಟರ್ ಸೋಮಶೇಖರ, ನೀವು ಚಿಕಾಗೋದ ಯಾವ ಭಾಗದಲ್ಲಿ ಇದ್ದಿರಿ? ನಾನು ಹುಟ್ಟಿ ಬೆಳೆದ ಊರು ಅದು."

ಮಿಕ್ಸಿ ಕೂಡ ನಿಂತಿತು. ಸೋಮಶೇಖರನ ತಲೆ ತಾನಾಗಿಯೇ ಓಲಾಡಲು ಶುರುವಾಯಿತು. ಆಚೆಗೊಮ್ಮೆ ಹೋಯಿತು. ಈಚೆಗೆ ಬರುವಷ್ಟರಲ್ಲಿ ಮೂಲೆಯ ಕುರ್ಚಿ ಕಂಡಿತು. ಮಾವನವರು ಈಗ ಕಣ್ಣು ತೆರೆದಿದ್ದರು. ಅಲ್ಲಿ ಕೋಪವಿರಲಿಲ್ಲ. ಪರೀಕ್ಷೆಯ ಕೋಣೆಯಲ್ಲಿ ದಡ್ಡ ಹುಡುಗನೊಬ್ಬ ಹೇಗಾದರೂ ಬರೆಯಲಿ ಎಂದು ಕಾಯುವ ಮೇಷ್ಟ್ರ ಕಣ್ಣು ಅದು. ಸೋಮಶೇಖರ ತಲೆಯನ್ನು ಮಧ್ಯದಲ್ಲೇ ನಿಲ್ಲಿಸಿ ಎದ್ದು ನಿಂತ.

"ಸರ್, ಐ ಹ್ಯಾವ್ ನಾಟ್ ಲಿವ್ಡ್ ಇನ್ ಚಿಕಾಗೋ. ಐ ಹ್ಯಾವ್ ನೆವರ್ ಸೀನ್ ಅಮೆರಿಕ" ಎಂದ. ಒಂದು ಪದವನ್ನೂ ಹಿಂಡಲಿಲ್ಲ. ನಿಧಾನವಾಗಿ, ಒಂದೊಂದೇ ಮಾತನ್ನು ತೊಳೆದು ಒಣಹಾಕಿದ ಹಾಗೆ ಅದೇ ಇಂಗ್ಲಿಷಿನಲ್ಲಿ ಮುಂದುವರಿಸಿದ. ಪಶ್ಚಿಮ ದಿಕ್ಕಿಗೆ ತಾನು ಹೋಗಿರುವುದೆಲ್ಲ ಇದೇ ದೇಶದ ಲೈಡನ್ನಿನವರೆಗೆ, ಅದೂ ಮಗಳಿಗೆ ಮ್ಯೂಸಿಯಂ ತೋರಿಸಲು. ಬಾಸ್ ಕೇಳಿದಾಗ ಹೌದು ಎನ್ನಲಿಲ್ಲ, ಇಲ್ಲ ಎನ್ನುವ ಧೈರ್ಯವೂ ಬರಲಿಲ್ಲ. ಆಮೇಲೆ ಎಲ್ಲರೂ ಕೊಟ್ಟ ಗೌರವ ರುಚಿಯಾಗಿತ್ತು. "ನನ್ನ ಮಾವನವರು ಇಂಗ್ಲಿಷ್ ಮೇಷ್ಟ್ರು. ಅವರ ಮುಂದೆ ಒಂದು ದಿನವಾದರೂ ದೊಡ್ಡವನಾಗಬೇಕು ಎಂಬ ಆಸೆಯಿತ್ತು. ತಪ್ಪಾಯಿತು. ಆದರೆ ಯಂತ್ರ ಚೆನ್ನಾಗಿದೆ ಸರ್. ಅದನ್ನು ನಾನೇ ಪರೀಕ್ಷಿಸಿದ್ದೇನೆ, ಅದರಲ್ಲಿ ಸುಳ್ಳಿಲ್ಲ."

ಮೊದಲು ಮಾತಾಡಿದವನು ವಿಲ್ಲೆಮ್. "ಇಲ್ಲ ಎಂದು ಹೇಳಬಹುದಿತ್ತಲ್ಲ?"

"ದೊಡ್ಡೋರಿಗೆ ಹಂಗೆ ಹೇಳೋ ಅಭ್ಯಾಸ ನಮ್ಮಲ್ಲಿಲ್ಲ" ಎಂದು ಅನನ್ಯಾ ಡಚ್ ಭಾಷೆಯಲ್ಲಿ ಅವನಿಗೆ ವಿವರಿಸಿ, ತಲೆ ಆಡಿಸಿಯೂ ತೋರಿಸಿದಳು. ತನ್ನ ವಿಭಾಗದ ಭಾರತೀಯ ಎಂಜಿನಿಯರುಗಳು ಇಷ್ಟು ವರ್ಷ ಆಡಿಸಿದ ತಲೆಗಳೆಲ್ಲ ಒಮ್ಮೆಲೇ ನೆನಪಾಗಿ ವಿಲ್ಲೆಮ್ ಇಂಗು ತಿಂದ ಮಂಗನಂತಾದ. "ಹಾಗಾದರೆ ಡಿಸೆಂಬರಿಗೆ ಪ್ರಾಜೆಕ್ಟ್ ಮುಗಿಯುವುದಿಲ್ಲವೇ?" ಎಂದು ಜಯದೇವನನ್ನು ಕೇಳಿದ. ಜಯದೇವ ತಲೆ ಆಡಿಸಿದ.

ಪ್ರೆಸ್ಕಾಟ್ ನಗುತ್ತಿದ್ದರು. "ಬಾಗಿಲಲ್ಲಿ ವಾಸಪ್ ಎಂದು ಕೇಳಿ ಹೆದರಿದೆ, ನಿಜ" ಎಂದರು. "ನನ್ನ ತಾಯಿ ಆ ಮಾತನ್ನು ಮನೆಯೊಳಗೆ ಬಿಡುತ್ತಿರಲಿಲ್ಲ. ಬೀದಿಯಲ್ಲಿ ಗೆಳೆಯರ ಜೊತೆ ಬೇರೆ ಮಾತೇ ಇರಲಿಲ್ಲ. ಗೆಳೆಯನಲ್ಲದವನಿಗೆ ಅಂದರೆ ಏಟು ಬೀಳುತ್ತಿತ್ತು. ಈಗ ನನ್ನನ್ನು ಹಾಗೆ ಮಾತಾಡಿಸುವವರು ಒಬ್ಬರೂ ಉಳಿದಿಲ್ಲ. ಎಲ್ಲರೂ ಸರ್ ಎನ್ನುತ್ತಾರೆ."

ಹಾಲಪ್ಪ ಮೇಷ್ಟ್ರು ಕುರ್ಚಿಯನ್ನು ಮೇಜಿನ ಹತ್ತಿರ ಎಳೆದುಕೊಂಡರು. ಕಟ್ಟುನಿಟ್ಟಾದ ವ್ಯಾಕರಣದಲ್ಲಿ ಅತಿಥಿಗೆ ಹೇಳಿದರು: "ನಮ್ಮಲ್ಲಿಯೂ ಅಂಥದೊಂದು ಮಾತಿದೆ. ಏನ್ಲೇ! ಅದನ್ನು ಜೊತೆಯಲ್ಲಿ ಆಡಿ ಬೆಳೆದವನು ಮಾತ್ರ ಅನ್ನಬಹುದು. ನನಗೆ ಹಾಗೆ ಅನ್ನುತ್ತಿದ್ದವನು ಗುರುಸಿದ್ದ. ಅವನೂ ಹೋದ." ಆಮೇಲೆ ಅಳಿಯನ ಕಡೆ ತಿರುಗಿ, "ನೀವ್ ಮಾಡಿದ್ದೇನು ಗೊತ್ತೇನ್ರೀ? ಡಿಸಿ ಆಫೀಸಿಗೆ ಹೋಗಿ ಡಿಸಿ ಬೆನ್ನಿಗೆ ಬಡ್ದು ಏನ್ಲೇ ಅಂದಂಗಾತು. ಈ ಇಡೀ ದೇಶಕ್ಕೆ ಏನ್ಲೇ ಅಂದ್ಕೊಂಡು ತಿರುಗೀರಿ!" ಎಂದರು. ಅಷ್ಟು ದಿನ ಹಾಡಿದ ಮಗ್ಗಿಯ ಅರ್ಥ ಜಯದೇವನಿಗೆ ಆಗ ಹೊಳೆಯಿತು. ಅವನು ಸದ್ದಿಲ್ಲದೆ ಪ್ರೆಸ್ಕಾಟರ ಕೋಟನ್ನು ತಂದು ಅವರ ಕುರ್ಚಿಗೆ ಹೊದಿಸಿದ.

ಆಮೇಲೆ ಆ ಇಬ್ಬರು ಹಿರಿಯರನ್ನು ಯಾರೂ ತಡೆಯಲಾಗಲಿಲ್ಲ. ಮೇಷ್ಟ್ರು ದೋಸೆ ಮಡಿಚುವುದನ್ನು ಕಲಿಸಿದರು, ಪ್ರೆಸ್ಕಾಟ್ ವಾಸಪ್ಪಿಗೆ ಉತ್ತರ ಕೊಡುವುದನ್ನು ಕಲಿಸಿದರು. ಹೊರಡುವಾಗ ಪ್ರೆಸ್ಕಾಟ್ ವಿಲ್ಲೆಮ್‌ಗೆ, "ನಾಳೆ ಯಂತ್ರವನ್ನು ಇವರೇ ವಿವರಿಸಲಿ. ಈಗ ಎದ್ದು ನಿಂತು ಆಡಿದರಲ್ಲ, ಆ ಇಂಗ್ಲಿಷಿನಲ್ಲಿ" ಎಂದರು. ಆಮೇಲೆ ಬಾಗಿಲಲ್ಲಿ ನಿಂತು, ಕಲಿತ ಪಾಠ ಒಪ್ಪಿಸುವ ಉತ್ಸಾಹದಲ್ಲಿ ನಿವೃತ್ತ ಹೆಡ್‌ಮಾಸ್ಟರ ಬೆನ್ನಿಗೆ ಪಟ್ಟನೆ ಬಡಿದರು.

"ಏನ್ಲೇ, ಹಾಲಪ್ಪ!"

ಸರಳಾಳ ಕೈಯಿಂದ ಸಟ್ಟುಗ ಬಿತ್ತು. ಅವಳು ಹುಟ್ಟಿದಾಗಿನಿಂದ ತಂದೆಯನ್ನು ಯಾರೂ ಹೆಸರು ಹಿಡಿದು ಕರೆದದ್ದನ್ನೇ ಕೇಳಿರಲಿಲ್ಲ.  ಮೇಷ್ಟ್ರ ಕಣ್ಣಲ್ಲಿ ನೀರಾಡಿತು. ಆಮೇಲೆ ಅಮೆರಿಕದ ಆ ದೊಡ್ಡ ಮನುಷ್ಯನ ಭುಜಕ್ಕೆ ಅಷ್ಟೇ ಜೋರಾಗಿ ಗುದ್ದಿ, "ಏನಿಲ್ಲಲೇ! ಹೋಗಿ ಬಾ!" ಎಂದು ಗಹಗಹಿಸಿ ನಕ್ಕರು. ಪಕ್ಕದ ಮನೆಯ ಅಜ್ಜಿ ಪರದೆ ಸರಿಸಿ ನೋಡಿದಳು.

ಬೆಳಗ್ಗೆ ಸೋಮಶೇಖರ ಇಸ್ತ್ರಿ ಅಂಗಿ ಹಾಕಿಕೊಂಡು, ಸೈಕಲ್ ಕೀಲಿ ಹುಡುಕುತ್ತಿದ್ದಾಗ ಮಹಡಿಯ ಕೋಣೆಯಲ್ಲಿ ಮಾವನವರು ದಾವಣಗೆರೆಗೆ ಫೋನ್ ಮಾಡುತ್ತಿದ್ದರು. ಪಿಸುಮಾತೇ, ಆದರೆ ಮೇಷ್ಟ್ರ ಪಿಸುಮಾತು. ಡಚ್ಚರ ಮನೆಯ ಗೋಡೆಗಳೂ ಅಷ್ಟೇನೂ ದಪ್ಪವಲ್ಲ.

"ಅದೇ ಕಣೇ ಕಾಶಿ, ಎಲ್ಲಾರ ಮುಂದ ಎದ್ದು ನಿಂತ್ರು. ಒಂದು ಸುಳ್ಳಿಲ್ಲ, ಒಂದು ತಡವರಿಕಿಲ್ಲ. ಇಂಗ್ಲಿಷಾ? ಫಸ್ಟ್ ಕ್ಲಾಸು! ಬರ್ಕೋ ಬೇಕಾದ್ರೆ. ಫಸ್ಟ್ ಕ್ಲಾಸು!"

ಸೋಮಶೇಖರ ಮೆಟ್ಟಿಲ ಕೆಳಗೆ ನಿಂತಲ್ಲೇ ನಿಂತ. ಊಟದ ಡಬ್ಬಿ ಕೊಡಲು ಬಂದ ಸರಳಾ ಅವನ ಮುಖ ನೋಡಿ, "ಕೇಳಿಸ್ತೇನ್ರೀ?" ಎಂದಳು.

ಅವನು ತಲೆ ಆಡಿಸಿದ. ಸರಳಾ ಅದು ಹೌದೋ ಇಲ್ಲವೋ ಎಂದು ಕೇಳಲಿಲ್ಲ.